ಕಾರವಾರದ ದಂಡೆಗೆ ಬಂದ ಟುಪೊಲೆವ್, ಮುಂಬೈಯಲ್ಲಿ ಬಾಗಿಲು ಮುಚ್ಚಿದ ವಿಕ್ರಾಂತ್

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲೇ, ನೌಕಾಪಡೆಯಿಂದ ನಿವೃತ್ತವಾದ ಎರಡು ಯುದ್ಧಸಾಧನಗಳು ನಿಂತಿವೆ. ಒಂದು, 2005ರ ಮೇ ತಿಂಗಳಲ್ಲಿ ಸೇವೆ ಮುಗಿಸಿದ ಕ್ಷಿಪಣಿ ದೋಣಿ ಐಎನ್‌ಎಸ್ ಚಾಪೆಲ್. ಇನ್ನೊಂದು, ಅದರ ಪಕ್ಕಕ್ಕೆ ಬಹಳ ತಡವಾಗಿ ಬಂದು ಸೇರಿದ, ಕಡಲ ಕಾವಲಿನ ಟುಪೊಲೆವ್ 142 ವಿಮಾನ. ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ, ಈ ವಿಮಾನ ಮತ್ತೆ ಹಾರಬಲ್ಲದೇ ಎಂಬುದು. ಹಾರುವುದಿಲ್ಲ; ಬಿಡಿಭಾಗಗಳಾಗಿ ಲಾರಿಯ ಮೇಲೆ ಬಂದ ವಿಮಾನಕ್ಕೆ ಆ ಯೋಗ ಮುಗಿದಿರುತ್ತದೆ. ಅದು ಎಷ್ಟು ವರ್ಷ ನಿಂತಿರಬಲ್ಲದು ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ದಂಡೆಯನ್ನು ಬಿಟ್ಟು ಮೊದಲು ಮುಂಬೈಗೂ ಆಮೇಲೆ ಗೋವಾಕ್ಕೂ ಹೋಗಿ ಬರಬೇಕು.

1953ರಲ್ಲಿ ಕೊಚ್ಚಿಯ ಗರುಡಾ ನೆಲೆಯಲ್ಲಿ ಆರಂಭವಾದ ನೌಕಾಪಡೆಯ ವಿಮಾನ ವಿಭಾಗವು ಸೀಲ್ಯಾಂಡ್‌ನಿಂದ ಸೀ ಹಾಕ್‌ಗೆ, ಸೀ ಹಾಕ್‌ನಿಂದ ಸೀ ಹ್ಯಾರಿಯರ್‌ಗೆ, ಅಲ್ಲಿಂದ ಮಿಗ್ 29ಕೆಗೆ ದಾಟುತ್ತಾ ಬಂದಿದೆ. ಹೀಗೆ ದಾಟುವಾಗಲೆಲ್ಲ ಹಿಂದೆ ಉಳಿದ ವಿಮಾನಗಳಲ್ಲಿ ಕೆಲವು ಗುಜರಿಗೆ ಹೋದವು, ಕೆಲವು ನೆಲೆಗಳ ಹೆಬ್ಬಾಗಿಲಿನಲ್ಲಿ ಸಿಮೆಂಟಿನ ಕಂಬವೇರಿ ನಿಂತವು. ಅವುಗಳಿಗೆಂದೇ ಒಂದು ಸಂಗ್ರಹಾಲಯ ಗೋವಾದ ಬೊಗ್ಮಾಳೊ ಬಳಿ ತೆರೆದದ್ದು 1998ರಲ್ಲಿ.

ಅದಕ್ಕಿಂತ ದೊಡ್ಡ ಕನಸು ಮುಂಬೈಯಲ್ಲಿತ್ತು. 1997ರ ಜನವರಿ 31ರಂದು ಸೇವೆಯಿಂದ ನಿವೃತ್ತವಾದ ವಿಕ್ರಾಂತ್ ವಿಮಾನವಾಹಕ ನೌಕೆಯನ್ನು 2001ರಲ್ಲಿ ಸಂಗ್ರಹಾಲಯವಾಗಿ ಮಾರ್ಪಡಿಸಿ ಜನರಿಗೆ ತೆರೆಯಲಾಯಿತು. 1961ರ ಡಿಸೆಂಬರ್‌ನಲ್ಲಿ ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪವನ್ನು ಪೋರ್ಚುಗೀಸರಿಂದ ವಶಪಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ನೌಕಾಪಡೆ ತನ್ನ ಏಳು ಮಂದಿಯನ್ನು ಕಳೆದುಕೊಂಡಾಗ, ಇದೇ ವಿಕ್ರಾಂತ್ ಗೋವಾದ ಕಡಲಿನಲ್ಲಿ ಕಾವಲಿತ್ತು. ಹತ್ತು ವರ್ಷಗಳ ನಂತರ, 1971ರ ಡಿಸೆಂಬರ್ 4ರಿಂದ, ಅದರ ಮೇಲಿಂದ ಹಾರಿದ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್ ಹಾಗೂ ಚಿತ್ತಗಾಂಗ್ ಮೇಲೆ ದಾಳಿ ನಡೆಸಿದವು. ಅಂಥ ವಿಮಾನಗಳನ್ನು ಅವು ಹಾರಿದ ಹಡಗಿನ ಒಡಲಲ್ಲೇ ಇಟ್ಟು ತೋರಿಸುವ ಅವಕಾಶ ಬೇರೆ ಯಾವ ಕಟ್ಟಡಕ್ಕೂ ಇರಲಿಲ್ಲ.

ಆದರೆ ಸಂಗ್ರಹಾಲಯವಾದರೂ ಹಡಗು ಹಡಗೇ. ನೀರಿನಲ್ಲಿ ನಿಂತ ಉಕ್ಕಿನ ಒಡಲನ್ನು ಕಾಲಕಾಲಕ್ಕೆ ಒಣ ಧಕ್ಕೆಗೆ ಏರಿಸಿ, ಸವೆದ ತಗಡು ಬದಲಿಸಿ, ಬಣ್ಣ ಬಳಿಯದಿದ್ದರೆ ತಳ ತೆಳುವಾಗುತ್ತಲೇ ಹೋಗುತ್ತದೆ. 2012ರಲ್ಲಿ ಸುರಕ್ಷತೆಯ ಕಾರಣದಿಂದ ಸಂಗ್ರಹಾಲಯ ಮುಚ್ಚಿತು. ಹಡಗು ಹರಾಜಿನಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದನ್ನು ಉಳಿಸಬೇಕೆಂಬ ಅರ್ಜಿ 2014ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಅದೇ ವರ್ಷದ ಕೊನೆಗೆ ಒಡೆಯುವ ಕೆಲಸ ಶುರುವಾಯಿತು. ಅದರ ಲೋಹವನ್ನು ಬಳಸಿದ್ದೆಂದು ಹೇಳಿಕೊಂಡು ಬಂದ ಬಜಾಜ್ ವಿ ಬೈಕುಗಳು ನಮ್ಮ ಪೇಟೆಯಲ್ಲೂ ಓಡಾಡಿದವು. ಆ ಮೂರು ವರ್ಷಗಳ ಚರ್ಚೆಯನ್ನು ಇಂದು ಹಿಂದಿರುಗಿ ನೋಡಿದರೆ, ಮಾತೆಲ್ಲ ಹಡಗಿನ ತೂಕ, ಬೆಲೆ ಮತ್ತು ಗೌರವದ ಸುತ್ತಲೇ ಸುತ್ತಿದ್ದು ಕಾಣುತ್ತದೆ. ಒಡಲಲ್ಲಿದ್ದ ವಿಮಾನಗಳ ಬಗ್ಗೆ ಕೇಳಿದವರು ವಿರಳ. ಗುಜರಿ ಲೆಕ್ಕದಲ್ಲಿ ವಿಮಾನ ಬಲು ಹಗುರ.

ವಿಕ್ರಾಂತ್ ಕಲಿಸಿದ ಪಾಠ ವಿರಾಟ್‌ನ ಹೊತ್ತಿಗೆ ನೆನಪಾದೀತು ಎಂದುಕೊಂಡವರಿದ್ದರು. 2017ರ ಮಾರ್ಚ್‌ನಲ್ಲಿ ನಿವೃತ್ತವಾದ ಆ ವಿಮಾನವಾಹಕ ನೌಕೆಯನ್ನು ಸಿಂಧುದುರ್ಗದ ನಿವತಿ ಬಳಿ ಸಂಗ್ರಹಾಲಯ ಮಾಡುವ 852 ಕೋಟಿ ರೂಪಾಯಿಯ ಯೋಜನೆಗೆ ಮಹಾರಾಷ್ಟ್ರ ಸಂಪುಟ 2018ರಲ್ಲಿ ಒಪ್ಪಿಗೆ ನೀಡಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅದು 38.54 ಕೋಟಿಗೆ ಮಾರಾಟವಾಗಿ, ಹಡಗು ಒಡೆಯುವ ಗುಜರಾತಿನ ಅಲಂಗ್ ತೀರ ಸೇರಿತು.

ಕಾರವಾರದ ವಿಮಾನದ ಕಥೆ ಮಾತ್ರ ಹಡಗಿನದಲ್ಲ, ಅದು ನೌಕಾಪಡೆಯ 312ನೇ ವಿಮಾನದಳದ್ದು. 1976ರಲ್ಲಿ ಈ ದಳ ಹುಟ್ಟಿದಾಗ ಅದಕ್ಕೆ ಸಿಕ್ಕಿದ್ದು ಸೂಪರ್ ಕಾನ್‌ಸ್ಟಲೇಶನ್ ವಿಮಾನಗಳು. ಏರ್ ಇಂಡಿಯಾದಲ್ಲಿ ಪ್ರಯಾಣಿಕರನ್ನು ಹೊತ್ತು, ಅಲ್ಲಿಂದ ವಾಯುಪಡೆಗೆ ಹೋಗಿ, ಮೂರನೆಯ ಮನೆಯಾಗಿ ನೌಕಾಪಡೆಗೆ ಬಂದ ವಿಮಾನಗಳವು. 1988ರಲ್ಲಿ ಅದೇ ದಳಕ್ಕೆ ಸೋವಿಯತ್ ಒಕ್ಕೂಟದಿಂದ ಎಂಟು ಟುಪೊಲೆವ್‌ಗಳು ಬಂದವು. ನಾಲ್ಕು ಎಂಜಿನ್, ಒಂದೊಂದು ಎಂಜಿನ್ನಿಗೂ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪಂಖ, ಐವತ್ತು ಮೀಟರಿನಷ್ಟು ರೆಕ್ಕೆಯ ಹರವು. ಜಲಾಂತರ್ಗಾಮಿಗಳನ್ನು ಹುಡುಕುತ್ತಾ ಗಂಟೆಗಟ್ಟಲೆ ಕಡಲಿನ ಮೇಲೆ ಸುತ್ತುವುದೇ ಅವುಗಳ ಕಸುಬು. ಟುಪೊಲೆವ್ ಬಂದ ಮೊದಲ ನಾಲ್ಕು ವರ್ಷ ಗೋವಾದ ದಾಬೋಲಿಂನಲ್ಲಿ, ಅಂದರೆ ನಮ್ಮಿಂದ ನೂರು ಕಿಲೋಮೀಟರ್ ಒಳಗೇ ಇದ್ದ ದಳ, 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಯಿತು. 29 ವರ್ಷಗಳ ಸೇವೆಯ ಬಳಿಕ 2017ರ ಮಾರ್ಚ್ 29ರಂದು ಟುಪೊಲೆವ್‌ಗಳು ನಿವೃತ್ತಿಗೊಂಡವು. ದಳಕ್ಕೆ ಅದೇ ಕಸುಬಿನ ಹೊಸ ವಿಮಾನ ಪಿ-8ಐ ಬಂದಿತ್ತು.

ಎಂಟರಲ್ಲಿ ಒಂದು ವಿಶಾಖಪಟ್ಟಣಕ್ಕೆ ಹೋಯಿತು. ಅಲ್ಲಿ ಅದು ಹಾರಿಕೊಂಡೇ ಹೋಗಿ ಇಳಿದು, ನಂತರ ಬಿಡಿಸಿ ಕಡಲತೀರದಲ್ಲಿ ಮರುಜೋಡಣೆಯಾಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಗೊಂಡಿತು. ಎದುರಿಗೆ 2002ರಿಂದ ನಡೆಯುತ್ತಿರುವ ಕುರುಸುರ ಜಲಾಂತರ್ಗಾಮಿ ಸಂಗ್ರಹಾಲಯವಿದ್ದುದರಿಂದ, ಟಿಕೆಟ್ ಹರಿಯುವ ಕೈಯೂ ಬಣ್ಣ ಬಳಿಯುವ ಕೈಯೂ ಆ ಊರಿಗೆ ಹೊಸದಾಗಿರಲಿಲ್ಲ. ಕಾರವಾರದ ಪಾಲಿನ ವಿಮಾನ ಮಾತ್ರ ಒಪ್ಪಂದ, ಜಾಗ, ಸಾಗಣೆಯ ಖರ್ಚು ಎಂದು ವರ್ಷಗಟ್ಟಲೆ ಅರಕ್ಕೋಣಂನಲ್ಲೇ ಬಯಲಿನಲ್ಲಿ ನಿಂತಿತ್ತು. ಯಾರೂ ಬೇಡವೆನ್ನಲಿಲ್ಲ, ಕಡತ ತನ್ನ ಪಾಡಿಗೆ ನಡೆಯಿತು.

ಬಯಲಿನಲ್ಲಿ ನಿಂತ ವಿಮಾನಕ್ಕೆ ಏನಾಗುತ್ತದೆ ಎಂಬುದನ್ನು ಚಾಪೆಲ್‌ನ ಬಳಿ ನಿಂತೇ ಊಹಿಸಬಹುದು. ಆ ದೋಣಿಯ ಒಡಲು ಉಕ್ಕಿನದು, ಮೇಲಿನ ಕಟ್ಟು ಅಲ್ಯುಮಿನಿಯಂ ಮಿಶ್ರಲೋಹದ್ದು. ಉಪ್ಪುನೀರಿನ ಪಸೆ ನಡುವೆ ಸೇರಿತೆಂದರೆ ಎರಡು ಲೋಹ ಕೂಡಿದ ಜಾಗ ಸಣ್ಣ ಬ್ಯಾಟರಿಯಂತೆ ಕೆಲಸ ಮಾಡುತ್ತದೆ, ಸವೆಯುವುದು ಅಲ್ಯುಮಿನಿಯಂ. (ಈ ದೋಣಿ 1971ರ ಯುದ್ಧದಲ್ಲಿ ಕಾದಿತ್ತು ಎಂದು ಮಕ್ಕಳಿಗೆ ಹೇಳುವ ಪೋಷಕರು ಸಿಗುತ್ತಾರೆ, ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ, ಕಾದಿದ್ದು ಅದರ ಹಿರಿಯಣ್ಣಂದಿರು.) ವಿಮಾನದಲ್ಲಾದರೆ ಇಂಥ ಕೂಡುಜಾಗಗಳು ಸಾವಿರಾರು. ಅಲ್ಯುಮಿನಿಯಂ ತಗಡಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲವಾದ್ದರಿಂದ ದೂರದಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಹತ್ತಿರ ಹೋದರೆ ಮೊಳೆಯ ತಲೆಯ ಸುತ್ತ ಬಣ್ಣ ಗುಳ್ಳೆಯಾಗಿ ಎದ್ದಿರುತ್ತದೆ, ಉಗುರು ತಾಗಿಸಿದರೆ ಒಳಗೆ ಬಿಳಿಯ ಪುಡಿ. ರೋಗ ಮುಂದುವರಿದಲ್ಲಿ ಲೋಹ ಚಿರೋಟಿಯಂತೆ ಪದರ ಪದರವಾಗಿ ಬಿಡುತ್ತದೆ. ರೆಕ್ಕೆಯೊಳಗಿನ ನೀರು ಇಳಿದುಹೋಗಲೆಂದು ಬಿಟ್ಟಿರುವ ಸಣ್ಣ ತೂತುಗಳು ಧೂಳು ಮತ್ತು ಹಕ್ಕಿಗೂಡಿನಿಂದ ಮುಚ್ಚಿಕೊಂಡರೆ, ಮಳೆಗಾಲದ ನೀರು ಅಲ್ಲೇ ಕುಳಿತಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ಇದು.

ಇದನ್ನು ತಡೆಯುವ ವಿದ್ಯೆ ರಹಸ್ಯವೇನಲ್ಲ. ಸಿಹಿನೀರಿನಲ್ಲಿ ಆಗಾಗ ತೊಳೆಯುವುದು, ತೂತು ಬಿಡಿಸುವುದು, ಸಂದು ಮುಚ್ಚುವುದು, ಗಾಲಿಯ ಮೇಲಿನ ಭಾರವನ್ನು ಉಕ್ಕಿನ ಆಸರೆಗೆ ದಾಟಿಸುವುದು, ಬಣ್ಣ ಬಳಿಯುವುದು. ಕೈಲಾದರೆ ಮೇಲೊಂದು ಚಾವಣಿ. ತೊಡಕಿರುವುದು ಹಣ ಬರುವ ರೀತಿಯಲ್ಲಿ. ವಿಮಾನ ತರುವುದಕ್ಕೂ ಪೀಠ ಕಟ್ಟುವುದಕ್ಕೂ ಒಮ್ಮೆಗೆ ಅನುದಾನ ಸಿಗುತ್ತದೆ, ಫಲಕದ ಮೇಲೆ ಹೆಸರು ಬರುತ್ತದೆ. ತೂತು ಬಿಡಿಸಿದ್ದಕ್ಕೆ ಫಲಕವಿಲ್ಲ. ವಸ್ತು ಕೊಡುವುದು ನೌಕಾಪಡೆ, ನೋಡಿಕೊಳ್ಳಬೇಕಾದದ್ದು ಊರಿನ ಆಡಳಿತ, ನಡುವೆ ಪ್ರವಾಸೋದ್ಯಮ. ವರ್ಷವರ್ಷದ ಕೆಲಸ ಈ ಮೂರರ ಸಂದಿಯಲ್ಲಿ ಬೀಳುತ್ತದೆ. ಬಿಣಗಾ, ಅರ್ಗಾದ ಕಡೆ ಸೀಬರ್ಡ್ ನೌಕಾನೆಲೆ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗೆ ವರ್ಷದ ಹೆಚ್ಚಿನ ದಿನ ನೌಕಾಪಡೆಯನ್ನು ಮುಟ್ಟಿ ನೋಡಲು ಸಿಗುವ ಜಾಗ ಇದೊಂದೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

312ನೇ ದಳದ ಹಳೆಯ ಸೂಪರ್ ಕಾನ್‌ಸ್ಟಲೇಶನ್‌ಗಳಲ್ಲಿ ಒಂದು ಬೊಗ್ಮಾಳೊದ ಸಂಗ್ರಹಾಲಯದ ಅಂಗಳದಲ್ಲಿ ಇಂದಿಗೂ ಇದೆ. ಅದೂ ಉಪ್ಪುಗಾಳಿಯಲ್ಲಿ, ಬಯಲಿನಲ್ಲೇ ನಿಂತಿದೆ. ಆದರೆ ಅದರ ಮನೆ ನೌಕಾಪಡೆಯದೇ, ನೆಲೆ ಪಕ್ಕದಲ್ಲೇ. ಟುಪೊಲೆವ್‌ಗೆ ಆ ಅನುಕೂಲವಿಲ್ಲ. ಮೇ ಕೊನೆಯ ವಾರ ಈ ದಂಡೆಯ ಉದ್ದಕ್ಕೂ ಮೀನುಗಾರರು ದೋಣಿಗಳನ್ನು ಮೇಲಕ್ಕೆ ಎಳೆದು, ಹಲಗೆಗೆ ಗೇರೆಣ್ಣೆ ಬಳಿದು, ತೆಂಗಿನ ಮಡಲು ಹೊದೆಸಿ ಹಗ್ಗ ಬಿಗಿಯುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಅಷ್ಟು ದಿನ ಮಳೆ ತಾಗದಂತೆ ಆ ತಯಾರಿ. ಐವತ್ತು ಮೀಟರಿನ ರೆಕ್ಕೆಗೆ ಹೊದೆಸುವಷ್ಟು ಮಡಲು ಇನ್ನೂ ಬಂದಿಲ್ಲ.