ಪಿನ್ ಆದ ಕುದುರೆ ಎದ್ದು ಹೊಡೆಯಬಹುದಾ?

ಪ್ರಶ್ನೆ: ಚೆಸ್ ಟೂರ್ನಮೆಂಟ್‌ನಲ್ಲಿ ಮಗಳಿಗೆ ಬಿಳಿ ಕಾಯಿ ಬಂದಿತ್ತು. ಕಪ್ಪು ಕುದುರೆಯನ್ನು ಒಂಟೆಯಿಂದ ಪಿನ್ ಮಾಡಿದ್ದಳು, ಅಂದರೆ ಅದು ಸರಿದರೆ ಹಿಂದಿನ ದೊಡ್ಡ ಕಾಯಿ ಒಂಟೆಗೆ ಸಿಗುವ ಹಾಗೆ ಕಟ್ಟಿಹಾಕಿದ್ದಳು. ಅದರ ಹಿಂದೆ ರಾಣಿ ಇತ್ತು. ಆದರೂ ಎದುರಾಳಿ ಅದೇ ಕುದುರೆಯಿಂದ ಹೊಡೆದು ಆಟ ಗೆದ್ದ. ಪಿನ್ ಆದ ಕಾಯಿ ಅಲ್ಲಾಡುವ ಹಾಗಿಲ್ಲ ಅಲ್ವಾ? ನಡೆಗಳನ್ನು ಬರೆದು ಕಳಿಸಿದ್ದೇನೆ.

ಉತ್ತರ: ಹಿಂದೆ ರಾಜ ಇದ್ದರೆ ಅಲ್ಲಾಡುವ ಹಾಗಿಲ್ಲ, ಅದು ನಿಯಮ. ರಾಣಿ ಇದ್ದರೆ ಧಾರಾಳವಾಗಿ ಆಡಬಹುದು. ರಾಣಿ ಹೋಗುತ್ತದೆ, ಅಷ್ಟೇ. ಅದರ ಬದಲು ಏನು ಸಿಗುತ್ತದೆ ಅನ್ನೋದೇ ಲೆಕ್ಕ.

ನಿಮ್ಮ ಮಗಳು ಬಿದ್ದದ್ದು ತುಂಬಾ ಹಳೆಯ ಬಲೆಗೆ. ಹೆಸರು ಎಲಿಫೆಂಟ್ ಟ್ರ್ಯಾಪ್, ನಮ್ಮ ಮಾತಿನಲ್ಲಿ ಖೆಡ್ಡಾ ಅನ್ನಬಹುದು. 1848ರಲ್ಲಿ ಬರ್ಲಿನ್‌ನಲ್ಲಿ ಚೆಸ್ ಆಟಗಾರ ಹಾರ್ವಿಟ್ಸ್ ಎದುರು ಕಾರ್ಲ್ ಮಾಯೆಟ್ ಇದೇ ಬಲೆಗೆ ಬಿದ್ದಿದ್ದರು. ಮಾಯೆಟ್ ಸಾಮಾನ್ಯ ಆಟಗಾರರಲ್ಲ. ಹಾಗಾಗಿ ಮಗಳನ್ನು ಬೈಬೇಡಿ.

ಬೋರ್ಡ್ ಇಟ್ಟುಕೊಂಡು ನೋಡಿ. ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು. ಬಿಳಿ ಪದಾತಿ ಡಿ4ಕ್ಕೆ, ಕಪ್ಪು ಪದಾತಿ ಡಿ5ಕ್ಕೆ. ಬಿಳಿ ಪದಾತಿ ಸಿ4ಕ್ಕೆ, ಕಪ್ಪು ಪದಾತಿ ಇ6ಕ್ಕೆ. ಬಿಳಿ ಕುದುರೆ ಸಿ3ಗೆ, ಕಪ್ಪು ಕುದುರೆ ಎಫ್6ಗೆ. ಬಿಳಿ ಒಂಟೆ ಜಿ5ಕ್ಕೆ ಬಂದು ಪಿನ್ ಮಾಡಿತು. ಕಪ್ಪು ಇನ್ನೊಂದು ಕುದುರೆಯನ್ನು ಡಿ7ರಲ್ಲಿ ಇಟ್ಟಿತು. ಬಿಳಿ ಡಿ5ರಲ್ಲಿ ಪದಾತಿ ಹೊಡೆಯಿತು, ಕಪ್ಪು ಇ6ರ ಪದಾತಿಯಿಂದ ತಿರುಗಿ ಹೊಡೆಯಿತು. ಈಗ ಡಿ5ರ ಪದಾತಿ ಸುಮ್ನೆ ಸಿಗುವ ಹಾಗೆ ಕಾಣುತ್ತದೆ. ಕಾಯುವ ಕುದುರೆ ಪಿನ್ ಆಗಿದೆಯಲ್ಲ! ಮಗಳು ಕುದುರೆಯಿಂದ ಹೊಡೆದಳು. ಎದುರಾಳಿ ಪಿನ್ ಆದ ಕುದುರೆಯಿಂದಲೇ ಅದನ್ನು ಹೊಡೆದ. ಒಂಟೆ ಡಿ8ರ ರಾಣಿಯನ್ನು ತಿಂದಿತು.

ಆಗ ಕಪ್ಪು ಒಂಟೆ ಬಿ4ಕ್ಕೆ ಬಂದು ಚೆಕ್. ಬಿಳಿ ರಾಜನಿಗೆ ಹೋಗಲು ಒಂದು ಮನೆಯೂ ಇಲ್ಲ. ಡಿ2ರಲ್ಲಿ ರಾಣಿಯನ್ನೇ ಅಡ್ಡ ಇಡಬೇಕು, ಬೇರೆ ನಡೆಯೇ ಇಲ್ಲ. ಕಪ್ಪು ಒಂಟೆ ಆ ರಾಣಿಯನ್ನು ತಿಂದಿತು, ಬಿಳಿ ರಾಜ ಒಂಟೆಯನ್ನು ತಿಂದ. ಕೊನೆಗೆ ಕಪ್ಪು ರಾಜ ಡಿ8ರಲ್ಲಿದ್ದ ಬಿಳಿ ಒಂಟೆಯನ್ನು ತಿಂದ. ಲೆಕ್ಕ ಹಾಕಿ: ಕಪ್ಪಿಗೆ ಒಂದು ಪದಾತಿ ಕಡಿಮೆ, ಆದರೆ ಒಂದು ಪೂರ್ತಿ ಕುದುರೆ ಜಾಸ್ತಿ. ಆಟ ಬಹುತೇಕ ಅಲ್ಲಿಗೇ ಮುಗಿಯಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ವಿಷಯ ಬೇರೆ. ಕುದುರೆಯಿಂದ ಡಿ5ರ ಪದಾತಿ ಹೊಡೆಯುವ ಮೊದಲು ಮಗಳು ಇ2ರ ಪದಾತಿಯನ್ನು ಇ3ಕ್ಕೆ ತಳ್ಳಿದ್ದರೆ ಅದೇ ಚೆಕ್‌ಗೆ ರಾಜ ಇ2ಕ್ಕೆ ಜಾರಿಕೊಳ್ಳುತ್ತಿದ್ದ, ಬಿಳಿ ರಾಣಿ ಉಳಿಯುತ್ತಿತ್ತು. ಎಫ್3ರಲ್ಲಿ ಕುದುರೆ ಇದ್ದಿದ್ದರೆ ಅದೇ ಡಿ2ಕ್ಕೆ ಬಂದು ಅಡ್ಡ ನಿಲ್ಲುತ್ತಿತ್ತು. ಅಂದರೆ ಖೆಡ್ಡಾ ಕಟ್ಟಿದ್ದು ಕಪ್ಪು ಕುದುರೆ ಒಂದೇ ಅಲ್ಲ, ಕದಲದೆ ಕೂತ ಬಿಳಿ ಕಾಯಿಗಳೂ ಸೇರಿದ್ದವು. ಮುಂದಿನ ಸಲ ಅವಳು ಮೊದಲು ಇ3 ಆಡಲಿ. ಕಪ್ಪು ಪದಾತಿಯನ್ನು ಸಿ6ಕ್ಕೆ ತಳ್ಳಿಯೋ, ಒಂಟೆಯನ್ನು ಇ7ಕ್ಕೆ ತಂದೋ, ಬೇರೆ ರೀತಿಯಲ್ಲೋ ಕಾಯದಿದ್ದರೆ ಡಿ5ರ ಪದಾತಿ ನಿಜಕ್ಕೂ ಅವಳದ್ದೇ.