ಸ್ಟೇಕ್ ಗಟ್ಟಿಯಾಗುವುದು ಯಾವ ಡಿಗ್ರಿಯಲ್ಲಿ?

ಮಾಂಸ ಅಗಿಯುವಾಗ ಹಲ್ಲಿಗೆ ಅಡ್ಡ ಬರುವ ವಸ್ತು ಎರಡು. ಒಂದು, ಸ್ನಾಯುವಿನ ಎಳೆಗಳು. ಇನ್ನೊಂದು, ಆ ಎಳೆಗಳನ್ನು ಕಂತೆಕಟ್ಟಿ ಹಿಡಿದಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ಪೊರೆ. ಬೆಂಕಿಯ ವಿಷಯದಲ್ಲಿ ಇವೆರಡಕ್ಕೂ ಹೊಂದಾಣಿಕೆಯೇ ಇಲ್ಲ. ಕಾವು ಏರಿದಷ್ಟೂ ಎಳೆಗಳು ಬಿಗಿಯುತ್ತವೆ. ಕೊಲ್ಯಾಜನ್ ಮಾತ್ರ 70 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆಗಟ್ಟಲೆ ಬೆಂದ ಮೇಲೆ ಕರಗಿ ಜೆಲಾಟಿನ್ ಆಗುತ್ತದೆ. ಆರಿದ ಕಾಲುಸೂಪು ಮಂದವಾಗಿ ಹೆಪ್ಪುಗಟ್ಟುವುದು ಈ ಜೆಲಾಟಿನ್‌ನಿಂದಲೇ. ಸ್ಟೇಕ್‌ಗೆ ಅಷ್ಟು ಹೊತ್ತಿಲ್ಲ, ಅದು ದನದ ಅಥವಾ ಎಮ್ಮೆಯ ಮಾಂಸದ ದಪ್ಪ ತುಂಡನ್ನು ಕಾವಲಿಯಲ್ಲಿ ಬೇಯಿಸುವ, ನಿಮಿಷಗಳ ಅಡುಗೆ. ಹಾಗಾಗಿ ಮೊದಲಿಗೇ ಕೊಲ್ಯಾಜನ್ ಕಡಿಮೆ ಇರುವ ತುಂಡನ್ನು ಕೇಳಿ ತರಬೇಕು. ತೊಡೆಯ ಅಥವಾ ಮುಂಗಾಲಿನ ಮಾಂಸ ತಂದು ಸ್ಟೇಕ್ ಮಾಡಹೊರಟರೆ ಯಾವ ಕೈಚಳಕವೂ ಕಾಪಾಡದು. ಅವುಗಳ ಜಾಗ ಕುಕ್ಕರ್. ಅಲ್ಲಿ ಉಷ್ಣಾಂಶ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಕೊಲ್ಯಾಜನ್ ಬೇಗ ಕರಗುತ್ತದೆ.

ನಮ್ಮ ಅಂಗಡಿಗಳಲ್ಲಿ ‘ಅಂಡರ್‌ಕಟ್’ ಎಂದು ಕೇಳಿದರೆ ಸಿಗುವುದು ಬೆನ್ನುಮೂಳೆಯ ಒಳಬದಿಗೆ, ಸೊಂಟದ ಬಳಿ ಇರುವ ಉದ್ದನೆಯ ಸ್ನಾಯು. ಪ್ರಾಣಿ ನಡೆದಾಡುವಾಗಲೂ ಅದಕ್ಕೆ ಹೆಚ್ಚು ದುಡಿಮೆಯಿಲ್ಲ. ಅದರ ಮೆದುತನದ ಗುಟ್ಟು ಇಷ್ಟೇ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ 13 ವರ್ಷ ಮೀರಿದ ಎಮ್ಮೆ, ಕೋಣಗಳ ವಧೆಗಷ್ಟೇ ಅವಕಾಶ. ವಯಸ್ಸಾದಂತೆ ಕೊಲ್ಯಾಜನ್ ಎಳೆಗಳ ನಡುವೆ ಅಡ್ಡಕೊಂಡಿಗಳು ಹೆಚ್ಚುತ್ತವೆ, ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಸ್ಟೇಕ್ ಮಾಡುವವರಿಗೆ ಅಂಡರ್‌ಕಟ್ ಬಿಟ್ಟು ಬೇರೆ ಭಾಗವನ್ನು ಶಿಫಾರಸು ಮಾಡುವುದು ಕಷ್ಟ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಕನ್ನಡಿಗರಿಗೆ ಎಳೆಯ ಪ್ರಾಣಿಯ, ಪಕ್ಕೆಲುಬಿನ ಭಾಗದ, ನಡುನಡುವೆ ಕೊಬ್ಬಿನ ಗೆರೆಗಳಿರುವ ರಿಬ್‌ಐ ಸಿಗುತ್ತದೆ. ಆ ಕೊಬ್ಬು ಸಣ್ಣಪುಟ್ಟ ತಪ್ಪನ್ನು ಮುಚ್ಚಿಹಾಕುತ್ತದೆ. ಎಮ್ಮೆಯ ಅಂಡರ್‌ಕಟ್‌ನಲ್ಲಿ ಕೊಬ್ಬು ತೀರ ಕಡಿಮೆ, ಎರಡು ನಿಮಿಷ ಹೆಚ್ಚಾದರೂ ಒಣಗಿಬಿಡುತ್ತದೆ.

ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆಯುತ್ತದೆ. ಮುಂದಿನ ದಿನಗಳಲ್ಲಿ ಅದರೊಳಗಿನ ಕಿಣ್ವಗಳೇ ಎಳೆಗಳನ್ನು ಅಲ್ಲಲ್ಲಿ ಕಡಿದು ಸಡಿಲಿಸುತ್ತವೆ. ವಿದೇಶದಲ್ಲಿ ಬೀಫನ್ನು ಎರಡು ಮೂರು ವಾರ ಶೀತದಲ್ಲಿ ಮಾಗಿಸುವುದು ಇದಕ್ಕೇ. ಬೆಳಗಿನ ಜಾವ ಕಡಿದದ್ದನ್ನು ಮಧ್ಯಾಹ್ನ ಬಾಣಲೆಗೆ ಹಾಕುವ ನಮ್ಮ ರೂಢಿ ಸ್ಟೇಕ್‌ಗೆ ಒಗ್ಗುವುದಿಲ್ಲ. 4 ಡಿಗ್ರಿಯೊಳಗಿರುವ ಫ್ರಿಜ್‌ನಲ್ಲಿ ಎರಡು ದಿನ ಇಟ್ಟರೂ ಸಾಕಷ್ಟು ವ್ಯತ್ಯಾಸ ಕಾಣುತ್ತದೆ. ಇನ್ನೂ ಬೆಚ್ಚಗಿರುವ ಮಾಂಸವನ್ನು ನೇರ ಫ್ರೀಜರ್‌ಗೆ ತಳ್ಳಬೇಡಿ. ಸೆಟೆಯುವ ಮೊದಲೇ ಹೆಪ್ಪುಗಟ್ಟಿದ ಸ್ನಾಯು ಕರಗುವಾಗ ವಿಪರೀತ ಕುಗ್ಗಿ ಚರ್ಮದಂತಾಗುತ್ತದೆ.

ತುಂಡಿನ ದಪ್ಪ 4 ಸೆಂಟಿಮೀಟರ್ ಇರಲಿ. ತೆಳುವಾದರೆ ಹೊರಗೆ ಕಂದು ಬಣ್ಣ ಬರುವಷ್ಟರಲ್ಲಿ ಒಳಗೂ ಬೆಂದು ಮುಗಿದಿರುತ್ತದೆ. 300 ಗ್ರಾಂಗೆ 3 ಗ್ರಾಂ, ಅಂದರೆ ಸುಮಾರು ಅರ್ಧ ಟೀ ಚಮಚ ಪುಡಿಯುಪ್ಪು ಸವರಿ. ಮೊದಲು ನೀರು ಹೊರಬರುತ್ತದೆ. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಉಪ್ಪುನೀರನ್ನು ಮಾಂಸವೇ ಮತ್ತೆ ಹೀರಿಕೊಳ್ಳುತ್ತದೆ. ಉಪ್ಪು ಹಾಕಿ ಹತ್ತು ನಿಮಿಷಕ್ಕೆ ಬಾಣಲೆಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಸಮಯ, ಮೇಲ್ಮೈ ಪೂರ್ತಿ ಒದ್ದೆಯಾಗಿರುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟರೆ ಇನ್ನೂ ಒಳ್ಳೆಯದು, ಮೇಲ್ಮೈ ಒಣಗುತ್ತದೆ. ನೀರಿನ ಪಸೆ ಇರುವವರೆಗೂ ಅಲ್ಲಿನ ಉಷ್ಣಾಂಶ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ ಕೊಡುವ ಮಯ್ಯಾರ್ ಕ್ರಿಯೆ ಚುರುಕಾಗುವುದು 140ರ ಆಚೆ.

‘ಮೊದಲು ಜೋರು ಉರಿಯಲ್ಲಿ ಬಾಡಿಸಿದರೆ ರಸ ಒಳಗೇ ಉಳಿಯುತ್ತದೆ’ ಎಂಬ ಮಾತು 19ನೇ ಶತಮಾನದ ಜರ್ಮನ್ ರಸಾಯನವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ ಕಾಲದಿಂದ ಬಂದದ್ದು. ಅದು ಸುಳ್ಳು. ಕಂದಿದ ಪದರ ನೀರನ್ನು ತಡೆಯುವುದಿಲ್ಲ. ಬಾಣಲೆಯಲ್ಲಿ ಕೊನೆಯವರೆಗೂ ಕೇಳುವ ಚುರ್‌ ಸದ್ದೇ ಸಾಕ್ಷಿ. ರಸ ಹೋಗುವುದು ಒಳಗಿನ ಉಷ್ಣಾಂಶದಿಂದ. ಎಳೆಯೊಳಗಿನ ಮಯೋಸಿನ್ ಎಂಬ ಪ್ರೋಟೀನು 50 ಡಿಗ್ರಿಯ ಆಸುಪಾಸಿನಲ್ಲಿ ರೂಪ ಕಳೆದುಕೊಳ್ಳುತ್ತದೆ, ಹಸಿಯ ಜವುಗು ಹೋಗಿ ಕಚ್ಚಲು ಹಿತವಾಗುತ್ತದೆ. 60 ದಾಟಿದ ಮೇಲೆ ಕೊಲ್ಯಾಜನ್ ಪೊರೆಗಳು ಕುಗ್ಗಿ ಎಳೆಗಳನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತವೆ. 66ರಿಂದ 73ರ ನಡುವೆ ಎಳೆಯ ಇನ್ನೊಂದು ಪ್ರೋಟೀನಾದ ಆಕ್ಟಿನ್ ಕೂಡ ಕೆಡುತ್ತದೆ. ಅಲ್ಲಿಗೆ ಸ್ಟೇಕ್ ಕೈತಪ್ಪಿತು.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಮೆದುತನವೊಂದನ್ನೇ ನೋಡಿದರೆ 55ರಿಂದ 58. ಅಮೆರಿಕದ ಕೃಷಿ ಇಲಾಖೆ ಇಡಿ ತುಂಡಿಗೆ ಹೇಳುವುದು 63 ಡಿಗ್ರಿ, ಜೊತೆಗೆ 3 ನಿಮಿಷ ವಿಶ್ರಾಂತಿ. ಮಾಂಸ ತೆರೆದ ಕೊರಡಿನ ಮೇಲೆ ಹಲವು ಕೈ ದಾಟಿ ಬಂದಿದ್ದರೆ 63 ಬಿಟ್ಟು ಕೆಳಗಿಳಿಯದಿರುವುದೇ ಕ್ಷೇಮ. ಸೂಕ್ಷ್ಮಾಣುಗಳು ಇಡಿ ತುಂಡಿನ ಹೊರಮೈಯಲ್ಲೇ ಹೆಚ್ಚು. ಫೋರ್ಕಿನಿಂದ ಚುಚ್ಚಿ ‘ಮೆತ್ತಗೆ ಮಾಡುವವರು’ ಅವನ್ನು ಒಳಗೆ ಕಳಿಸುತ್ತಾರೆ.

ಓವನ್ ಬೇಕೇಬೇಕೆಂದಿಲ್ಲ. ಬೀಡಿನ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಒಂದು ಚಮಚ ತುಪ್ಪ ಹಾಕಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಕರಕಲಾಗುತ್ತದೆ, ತುಪ್ಪಕ್ಕೆ ಆ ತೊಂದರೆಯಿಲ್ಲ. ಒಂದೊಂದು ನಿಮಿಷಕ್ಕೂ ಮಗುಚುತ್ತಿರಿ. ‘ಒಮ್ಮೆ ಮಾತ್ರ ಮಗುಚಬೇಕು’ ಎಂಬ ನಿಯಮಕ್ಕೆ ಆಧಾರವಿಲ್ಲ. ಪದೇ ಪದೇ ಮಗುಚಿದರೆ ಎರಡೂ ಬದಿಯ ಕಾವು ಸಮನಾಗಿ ಒಳಗಿಳಿಯುತ್ತದೆ, ಹೊರಪದರ ಅತಿಯಾಗಿ ಬೇಯುವುದಿಲ್ಲ. ಬಣ್ಣ ಬಂದ ಮೇಲೆ ಉರಿ ತಗ್ಗಿಸಿ. ಏಳೆಂಟು ನಿಮಿಷಕ್ಕೆ ಕಡ್ಡಿ ಥರ್ಮಾಮೀಟರನ್ನು ಪಕ್ಕದಿಂದ ನಡುಭಾಗಕ್ಕೆ ಚುಚ್ಚಿ ನೋಡಿ. 63 ಬೇಕೆಂದರೆ 59ರಲ್ಲೇ ಇಳಿಸಿ, ಹೊರಗಿನ ಕಾವು ಒಳಗೆ ಹರಿದು ಇನ್ನು ಮೂರ್ನಾಲ್ಕು ಡಿಗ್ರಿ ಏರುತ್ತದೆ. ಏರದಿದ್ದರೆ ಮತ್ತೊಂದು ನಿಮಿಷ ಕಾವಲಿಗೆ. ಬೆರಳಲ್ಲಿ ಒತ್ತಿ ಹದ ಹೇಳುವುದು ದಿನಕ್ಕೆ ನೂರು ಸ್ಟೇಕ್ ಮಾಡುವವರಿಗೆ ಸರಿ. ಎರಡು ತುಂಡನ್ನು ಒಟ್ಟಿಗೆ ತುರುಕಿದರೆ ಕಾವಲಿ ತಣ್ಣಗಾಗಿ ಮಾಂಸ ತನ್ನ ನೀರಿನಲ್ಲೇ ಬೇಯುತ್ತದೆ.

ಪರಂಗಿಕಾಯಿ ಅರೆದು ಹಚ್ಚುವ ಉಪಾಯ ಸ್ಟೇಕ್‌ಗೆ ಬೇಡ. ಅದರ ಪಪೇನ್ ಕಿಣ್ವ ಮೇಲ್ಮೈ ಬಿಟ್ಟು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಕಾವೇರುವಾಗ 60–70 ಡಿಗ್ರಿಯಲ್ಲಿ ಒಮ್ಮೆಲೇ ಚುರುಕಾಗಿ ಹೊರಗನ್ನು ಮುದ್ದೆ ಮಾಡುತ್ತದೆ, ಒಳಗು ಹಾಗೇ ಉಳಿಯುತ್ತದೆ. ಸಣ್ಣ ಕಬಾಬ್ ತುಂಡುಗಳಿಗೆ ಅದು ಸರಿ.

ಐದು ನಿಮಿಷ ಬಿಟ್ಟು, ಎಳೆಗಳು ಯಾವ ದಿಕ್ಕಿಗಿವೆ ಎಂದು ನೋಡಿ ಅವಕ್ಕೆ ಅಡ್ಡಲಾಗಿ ಅರ್ಧ ಸೆಂಟಿಮೀಟರ್ ಹೋಳು ಮಾಡಿ. ಪ್ರತಿ ಎಳೆಯೂ ಅಷ್ಟೇ ಗಿಡ್ಡವಾಗಿ ಬಾಯಿಗೆ ಬರುತ್ತದೆ. ಉದ್ದಕ್ಕೆ ಕೊಯ್ದರೆ ಅದೇ ಮಾಂಸ ದಾರದಂತೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತವಲ್ಲ, ಸ್ನಾಯುವಿನಲ್ಲೇ ಇರುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಬೆರೆತ ರಸ. ಅದನ್ನು ಕಾವಲಿಯಲ್ಲಿ ಉಳಿದ ತುಪ್ಪಕ್ಕೆ ಸುರಿದು, ಒಂದು ಕುದಿ ಬರಿಸಿ, ಕರಿಮೆಣಸು ಉದುರಿಸಿ ಹೋಳುಗಳ ಮೇಲೆ ಹಾಕಿಕೊಳ್ಳಿ.