ಚೀಟಿಗಳು ಗುಂಪಾಗುವ ಕ್ರಮ: ಬಳಕೆದಾರರ ಅಧ್ಯಯನದ ಒಂದು ವಿಧಾನ ನಡೆದು ಬಂದ ದಾರಿ

ತಂತ್ರಾಂಶ ಕಂಪನಿಗಳ ವಿನ್ಯಾಸ ವಿಭಾಗಗಳಲ್ಲಿ ಗೋಡೆಯ ತುಂಬ ಅಂಟಿಸಿದ ಬಣ್ಣದ ಚೀಟಿಗಳು ಬಹುಕಾಲದಿಂದ ಪರಿಚಿತ ನೋಟ. ಈಚೆಗೆ ಆ ಗೋಡೆ ಕಂಪ್ಯೂಟರ್ ಪರದೆಯ ಮೇಲೂ ಬಂದಿದೆ. ಬಳಕೆದಾರರನ್ನು ಮಾತನಾಡಿಸಿ ತಂದ ವಿವರಗಳನ್ನು ಚೀಟಿಗೊಂದರಂತೆ ಬರೆದು, ಹೊಂದುವಂಥವನ್ನು ಒಟ್ಟಿಗಿಟ್ಟು, ಅದರಿಂದ ಅರ್ಥ ಕಂಡುಕೊಳ್ಳುವ ಈ ಕೆಲಸವನ್ನು ಕೆಲವರು ಅಫಿನಿಟಿ ಮ್ಯಾಪಿಂಗ್ ಎನ್ನುತ್ತಾರೆ, ಕೆಲವರು ಕ್ಲಸ್ಟರಿಂಗ್ ಎನ್ನುತ್ತಾರೆ, ಹೆಚ್ಚಿನವರು ಬರೀ ಸಿಂಥೆಸಿಸ್ ಎಂದು ಮುಗಿಸುತ್ತಾರೆ. ಹೆಸರುಗಳು ಬೆರೆತಂತೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೂ ಕಲಸಿಹೋಗಿದೆ. ಈ ವಿಧಾನದ ಜೀವ ಇರುವುದು ಆ ಕ್ರಮದಲ್ಲೇ.

ಇದು ಹುಟ್ಟಿದ್ದು ವಿನ್ಯಾಸಕಾರರ ನಡುವೆ ಅಲ್ಲ. ಜಪಾನಿನ ಕವಾಕಿತಾ ಜಿರೊ ಅವರು 1950ರ ದಶಕದಿಂದ ನೇಪಾಳದ ಬೆಟ್ಟದ ಊರುಗಳಲ್ಲಿ ಜನಜೀವನದ ಅಧ್ಯಯನ ನಡೆಸಿದವರು. ಅಲ್ಲಿಂದ ಹೊತ್ತು ತಂದ ರಾಶಿ ಟಿಪ್ಪಣಿಗಳನ್ನು ಮೊದಲೇ ಮಾಡಿಟ್ಟ ವಿಭಾಗಗಳಿಗೆ ತುಂಬಿದರೆ ಹೊಸದೇನೂ ತಿಳಿಯುವುದಿಲ್ಲವೆಂಬ ತೊಡಕಿನಿಂದಲೇ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಕೆಜೆ ವಿಧಾನ ರೂಪುಗೊಂಡಿತು. ಅದನ್ನು ವಿವರಿಸುವ ಅವರ ಪುಸ್ತಕ 1967ರಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು, ಸಿದ್ಧಾಂತ ಹುಟ್ಟಬೇಕಾದದ್ದು ಸಂಗ್ರಹಿಸಿದ ಮಾಹಿತಿಯ ಒಳಗಿನಿಂದ ಎಂದು ವಾದಿಸಿದ ಗ್ರಂಥವನ್ನೂ ಪ್ರಕಟಿಸಿದರು. ನೇಪಾಳದ ಹಳ್ಳಿಗರನ್ನೇ ತಮ್ಮ ಸಮಸ್ಯೆಗಳ ಅಧ್ಯಯನದಲ್ಲಿ ತೊಡಗಿಸಿ, ಕುಡಿಯುವ ನೀರು ಮತ್ತು ಕಣಿವೆ ದಾಟಿಸುವ ಹಗ್ಗದ ಮಾರ್ಗಗಳ (ರೋಪ್‌ವೇ) ಸೌಕರ್ಯಕ್ಕೆ ಕಾರಣರಾದ ಕವಾಕಿತಾ ಅವರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕೆಜೆ ವಿಧಾನಕ್ಕೆ ನಾಲ್ಕು ಹಂತಗಳಿವೆ: ಚೀಟಿ ಬರೆಯುವುದು, ಗುಂಪು ಮಾಡುವುದು, ಗುಂಪುಗಳ ನಡುವಿನ ಸಂಬಂಧವನ್ನು ಚಿತ್ರವಾಗಿ ಹರಡುವುದು, ಕೊನೆಗೆ ಅದನ್ನು ಬರಹವಾಗಿಯೋ ಮಾತಾಗಿಯೋ ವಿವರಿಸುವುದು. ಎರಡನೆಯ ಹಂತಕ್ಕೇ ಹೆಚ್ಚು ತಾಳ್ಮೆ ಬೇಕು. ಚೀಟಿಗಳನ್ನೆಲ್ಲ ಹರಡಿಕೊಂಡು, ಮತ್ತೆ ಮತ್ತೆ ಓದಿ, ಪರಸ್ಪರ ಹತ್ತಿರವೆನಿಸುವ ಎರಡು ಮೂರನ್ನು ಮಾತ್ರ ಸೇರಿಸಬೇಕು. ಅವು ಒಟ್ಟಾಗಿ ಏನು ಹೇಳುತ್ತಿವೆ ಎಂಬುದಕ್ಕೆ ಆಮೇಲೆ ಹೆಸರು ಕೊಡಬೇಕು. ಎಲ್ಲಿಯೂ ಸೇರದ ಚೀಟಿಯನ್ನು ಬಲವಂತವಾಗಿ ಸೇರಿಸದೆ ಒಂಟಿಯಾಗಿಯೇ ಬಿಡಬೇಕು.

ಮುಂದಿನ ಪಯಣ ಚುರುಕಾದದ್ದು. 1970ರ ದಶಕದಲ್ಲಿ ಜಪಾನಿನ ಗುಣಮಟ್ಟ ನಿಯಂತ್ರಣದ ಪರಿಣತರು ಇದನ್ನು ತಮ್ಮ ಏಳು ಹೊಸ ಸಾಧನಗಳಲ್ಲಿ ಸೇರಿಸಿಕೊಂಡರು. 1980ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದ ಪೋಸ್ಟ್-ಇಟ್ ಚೀಟಿ, ಬರೆದದ್ದನ್ನು ಕಿತ್ತು ಬೇರೆಡೆ ಅಂಟಿಸುವುದನ್ನು ಸಲೀಸು ಮಾಡಿತು. 1998ರಲ್ಲಿ ಹ್ಯೂ ಬೇಯರ್ ಮತ್ತು ಕರೆನ್ ಹೋಲ್ಟ್ಸ್‌ಬ್ಲಾಟ್ ಬಳಕೆದಾರರನ್ನು ಅವರು ಕೆಲಸ ಮಾಡುವ ಜಾಗದಲ್ಲೇ ಕಂಡು ವಿನ್ಯಾಸ ಮಾಡುವ ಕಾಂಟೆಕ್ಸ್ಚುವಲ್ ಡಿಸೈನ್ ಎಂಬ ಪದ್ಧತಿಯನ್ನು ಪುಸ್ತಕವಾಗಿ ಹೊರತಂದಾಗ, ಬಳಕೆದಾರರ ಅಧ್ಯಯನದ ನಡುಮನೆಗೇ ಈ ಗೋಡೆ ಬಂತು. ಅವರ ಪದ್ಧತಿಯಲ್ಲಿ ಗುಂಪಿಗೆ ಹೆಸರಾಗಿ ಮೇಲಿಡುವ ಮೊದಲ ಮಟ್ಟದ ನೀಲಿ ಚೀಟಿಯನ್ನು ‘ನಾನು’ ಎಂದು ಬಳಕೆದಾರರೇ ಮಾತನಾಡುತ್ತಿರುವಂತೆ ವಾಕ್ಯವಾಗಿ ಬರೆಯಬೇಕು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಅತಿ ಬೆಲೆಯುಳ್ಳ ಸೇರ್ಪಡೆ ಇದೇ.

ಅದು ಏಕೆ ಮುಖ್ಯವೆಂಬುದು ಒಂದು ಉದಾಹರಣೆಯಿಂದ ಗೊತ್ತಾಗುತ್ತದೆ. ಮೊಬೈಲ್ ಪಾವತಿಯ ಬಗ್ಗೆ ವಿಚಾರಿಸುವಾಗ ಮೂರು ಮಾತು ಸಿಕ್ಕಿದವೆನ್ನಿ. ಒಬ್ಬ ಗಿರಾಕಿ, “ದುಡ್ಡು ಹಾಕಿದ ಮೇಲೂ ಅಂಗಡಿಯವರನ್ನ ಬಂತಾ ಅಂತ ಕೇಳ್ಕೊಂಡೇ ಹೊರಡ್ತೀನಿ” ಎನ್ನುತ್ತಾರೆ. ದುಡ್ಡು ಬಂದದ್ದನ್ನು ಕೂಗಿ ಹೇಳುವ ಡಬ್ಬಿ ಇಟ್ಟುಕೊಂಡ ಅಂಗಡಿಯವರು, “ಡಬ್ಬಿ ಕೂಗಿದ ಮೇಲೇ ಸಾಮಾನು ಕೊಡೋದು” ಎನ್ನುತ್ತಾರೆ. ವಯಸ್ಸಾದ ಇನ್ನೊಬ್ಬರು, “ಮಗ ಪಕ್ಕದಲ್ಲಿದ್ರೆ ಮಾತ್ರ ಮುಟ್ತೀನಿ” ಎನ್ನುತ್ತಾರೆ. ವಿಷಯವಾರು ಹಂಚಿದರೆ ಮೊದಲನೆಯದು ಗಿರಾಕಿಗಳ ಕಡೆಗೆ, ಎರಡನೆಯದು ಉಪಕರಣದ ಕಡೆಗೆ, ಮೂರನೆಯದು ಹಿರಿಯ ನಾಗರಿಕರ ಕಡೆಗೆ ಹೋಗುತ್ತದೆ. ಒಟ್ಟಿಗಿಟ್ಟು ಓದಿದರೆ ನೀಲಿ ಚೀಟಿ ತಾನಾಗಿ ಹೊಳೆಯುತ್ತದೆ: “ದುಡ್ಡು ಮುಟ್ಟಿತೆಂದು ಪಕ್ಕದಲ್ಲಿರುವ ಯಾರಾದರೂ ಬಾಯಿಬಿಟ್ಟು ಹೇಳಿದರೇ ನನಗೆ ಧೈರ್ಯ.” ಏನನ್ನು ಕಟ್ಟಬೇಕೆಂಬ ಸುಳಿವು ಈ ವಾಕ್ಯದಲ್ಲಿದೆ, ‘ಪಾವತಿ ಸಮಸ್ಯೆ’ ಎಂಬ ಶೀರ್ಷಿಕೆಯಲ್ಲಿ ಇಲ್ಲ.

ವಿನ್ಯಾಸಕಾರರ ರೀತಿಯಲ್ಲಿ ಸಮಸ್ಯೆ ಬಿಡಿಸುವ ಡಿಸೈನ್ ಥಿಂಕಿಂಗ್ ಎಂಬ ಹೆಸರಿನಲ್ಲಿ ಈ ವಿಧಾನ 2000ದ ನಂತರ ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿಗಳವರೆಗೂ ಹಬ್ಬಿತು. ಹೆಚ್ಚು ಜನರ ಕೈಗೆ ಸಿಕ್ಕಿದ್ದು ಒಳ್ಳೆಯದೇ. ಆದರೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದು ಮಧ್ಯಾಹ್ನದ ಕಾರ್ಯಾಗಾರಕ್ಕೆ ಇಳಿದಾಗ ಕ್ರಮ ತಿರುವುಮುರುವಾಯಿತು: ಶೀರ್ಷಿಕೆಗಳನ್ನು ಮೊದಲು ಬರೆದು, ಚೀಟಿಗಳನ್ನು ಅವುಗಳ ಕೆಳಗೆ ಹಂಚುವ ರೂಢಿ ಬೆಳೆಯಿತು. ಒಂಟಿ ಚೀಟಿಗಳು ‘ಇತರೆ’ ಎಂಬ ಮೂಲೆ ಸೇರಿದವು. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣದಲ್ಲಿ ಗುಂಪು ಮಾಡಿಕೊಡುತ್ತವೆ. ಚೀಟಿಯನ್ನು ಹತ್ತು ಸಲ ಓದುವ ಅನಿವಾರ್ಯ ಅಲ್ಲಿಗೆ ತಪ್ಪುತ್ತದೆ.

ಕನ್ನಡದಲ್ಲಿ ಸಂದರ್ಶನ ನಡೆಸುವವರಿಗೆ ಇನ್ನೊಂದು ತೊಡಕು ಜೊತೆಯಾಗಿದೆ. ಮಾತು ಕನ್ನಡದ್ದು, ಚೀಟಿ ಇಂಗ್ಲಿಷಿನದು. “ಡಬ್ಬಿ ಕೂಗಿದ ಮೇಲೇ” ಎಂಬಲ್ಲಿನ ‘ಏ’ಕಾರದಲ್ಲಿ ಅಡಗಿರುವ ಪಟ್ಟು, ‘ಆಡಿಯೊ ಕನ್ಫರ್ಮೇಶನ್’ ಎಂದು ಬರೆದ ಚೀಟಿಗೆ ದಾಟುವುದಿಲ್ಲ. ಅನುವಾದದ ಕೆಳಗೆ ಮೂಲ ಮಾತನ್ನು ಕನ್ನಡ ಲಿಪಿಯಲ್ಲೇ ಉಳಿಸಿಕೊಂಡರೆ, ಗುಂಪು ಮಾಡುವ ಹೊತ್ತಿಗೆ ಭಾಷೆ ಬಲ್ಲವರೊಬ್ಬರು ಅದನ್ನು ಗಟ್ಟಿಯಾಗಿ ಓದಿ ಹೇಳಬಹುದು. ಇದಕ್ಕೆ ಚೀಟಿಯಲ್ಲಿ ಇನ್ನೊಂದು ಸಾಲಿನ ಜಾಗ ಸಾಕು.